ಸ್ಟಿಯರಿಂಗ್ ಮೇಲಿನ ಬಟ್ಟೆ ಕ್ಲಿಪ್ಪು

ನಮ್ಮ ಗಾಡಿಯ ಸ್ಟಿಯರಿಂಗಿಗೆ ಬಟ್ಟೆ ಒಣಹಾಕುವ ಮರದ ಕ್ಲಿಪ್ಪು ಸಿಕ್ಕಿಸಿದ್ದರೆ, ಚಾವಣಿಯ ಮೇಲೆ ಟೀವಿ ಆಂಟೆನಾ ಎದ್ದು ನಿಂತಿದೆ, ಇಳಿಸದೆ ಹೊರಡಬಾರದು ಎಂದರ್ಥ. ಗಾಡಿಯಲ್ಲೇ ಸಂಸಾರ ಹೂಡಿದವರೆಲ್ಲ ಈ ಪಾಠವನ್ನು ಒಂದು ಆಂಟೆನಾ ಮುರಿದುಕೊಂಡೇ ಕಲಿತಿರುತ್ತಾರೆ. ನಾವು ಕಲಿತದ್ದು ನೆಬ್ರಾಸ್ಕಾದ ಒಂದು ಪೆಟ್ರೋಲ್ ಬಂಕಿನಲ್ಲಿ. ಬಂಕಿನ ಸೂರಿಗೆ ತಗುಲಿ ಲಟಕ್ಕೆಂದು ಸದ್ದಾದಾಗ ನನ್ನ ಗಂಡ ವೆಂಡೆಲ್ ಕೆಳಗಿಳಿದು ನೋಡಿ, "ಹೋಗ್ಲಿ ಬಿಡೇ ಲವೋನ್, ಟೀವಿಲಿ ಒಳ್ಳೇದೇನೂ ಬರ್ತಿರ್ಲಿಲ್ಲ" ಅಂದ. ಬೇರೆ ಗಂಡಸರಾಗಿದ್ದರೆ ಹೆಂಡತಿಯ ಮೇಲೆ ಹಾಯುತ್ತಿದ್ದರು. ಅವನು ನನಗೆ ಐಸ್‌ಕ್ರೀಮ್ ಕೊಡಿಸಿದ.

ಹೊಸ ಆಂಟೆನಾದ ಜೊತೆಗೆ ಬಂದ ಆ ಕ್ಲಿಪ್ಪಿನ ಉಪಾಯವನ್ನು ವೆಂಡೆಲ್ ತನ್ನ ಕೆಲಸಕ್ಕೂ ತಂದುಕೊಂಡ. ಗಾಡಿಯ ಒಳಗನ್ನು ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ರಿಪೇರಿಯಲ್ಲಿ ಅವನದು ಎತ್ತಿದ ಕೈ. ಎಲ್ಲಿ ಬೀಡುಬಿಟ್ಟರೂ ಜನ ಅವನನ್ನು ಡಾಕ್ಟ್ರೇ ಅಂತಲೇ ಕರೆಯುತ್ತಿದ್ದರು. ಈ ಫರ್ನೇಸಿಗೆ ಎರಡು ಕಾವಲು. ಫ್ಯಾನು ಸರಿಯಾಗಿ ಗಾಳಿ ಬೀಸದಿದ್ದರೆ ಗ್ಯಾಸ್ ಬಿಡಗೊಡದೆ ತಡೆಯುವುದು ಒಂದು, ಒಳಗೆ ಮಿತಿಮೀರಿ ಕಾದರೆ ಬೆಂಕಿಯನ್ನು ಆರಿಸುವುದು ಇನ್ನೊಂದು. ತಪ್ಪು ಕಾವಲಿನದೋ ಬೇರೆಯದೋ ಎಂದು ತಿಳಿಯಲು ಒಂದು ತುಂಡು ವೈರನ್ನು ಅಡ್ಡ ಸಿಕ್ಕಿಸಿ, ಎರಡನ್ನೂ ದಾಟಿಸಿ ಕರೆಂಟ್ ಬಿಡುತ್ತಾರೆ. ಆಗ ಬೆಂಕಿ ಹತ್ತಿದರೆ ತಪ್ಪು ಕಾವಲಿನದೇ, ಕಳ್ಳ ಸಿಕ್ಕಿಬಿದ್ದಂತೆ. ಆಮೇಲೆ ವೈರು ತೆಗೆಯಲೇಬೇಕು. ತೆಗೆಯದಿದ್ದರೆ ಫರ್ನೇಸ್ ಹೇಳುವವರು ಕೇಳುವವರು ಇಲ್ಲದೆ ಉರಿಯುತ್ತದೆ.

ವೆಂಡೆಲ್‌ನ ಆ ತುಂಡು ವೈರು ಕೆಂಪು ಬಣ್ಣದ್ದು. ಸುಮ್ಮನಿದ್ದಾಗ ಅದಕ್ಕೆ ಒಂದು ಬಟ್ಟೆ ಕ್ಲಿಪ್ಪು ಕಚ್ಚಿಕೊಂಡಿರುತ್ತಿತ್ತು. ವೈರು ಯಂತ್ರದೊಳಗೆ ಹೋದಾಗ ಕ್ಲಿಪ್ಪು ಅವನ ಕಾಲರಿಗೆ ಬರುತ್ತಿತ್ತು. ವೈರು ಹೊರಬಂದ ಮೇಲೆ ಮತ್ತೆ ವೈರಿಗೆ. "ಕಾಲರಲ್ಲಿ ಕ್ಲಿಪ್ಪಿರೋವರೆಗೂ ನಾನು ಆ ಗಾಡಿ ಬಿಟ್ಟು ಇಳಿಯಲ್ಲ" ಅನ್ನುತ್ತಿದ್ದ. ನಾನು "ನನ್ನ ಗಂಡನ್ನ ಯಾರೋ ಹಗ್ಗಕ್ಕೆ ಒಣಹಾಕಿದ್ದಾರೆ" ಎಂದು ಗೇಲಿ ಮಾಡುತ್ತಿದ್ದೆ. ಗಾಡಿ ಬದುಕಿನ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವನು ಕಾಲರಿನಲ್ಲಿ ಕ್ಲಿಪ್ಪಿಟ್ಟುಕೊಂಡು ಮನೆಗೆ ಬಂದಿರಲಿಲ್ಲ.

ಅವನಿಗೆ ಬೆಂಕಿಯ ಭಯ ಇದ್ದದ್ದು ಅವನ ಅಪ್ಪನಿಂದ. ಮುದುಕನಿಗೆ ನೆನಪು ಕೆಟ್ಟಿತ್ತು. ಆದರೆ ಯಾರೂ ಅವನ ಕೈಯಿಂದ ಏನನ್ನೂ ಕಸಿದುಕೊಳ್ಳುವ ಧೈರ್ಯ ಮಾಡಲಿಲ್ಲ. ಒಂದು ಚಳಿಗಾಲ ಹೆಪ್ಪುಗಟ್ಟಿದ ನಲ್ಲಿಯನ್ನು ಕರಗಿಸುತ್ತೇನೆಂದು ಬೆಂಕಿ ಹಿಡಿದುಕೊಂಡು ಹೋದವನು ಕೊಟ್ಟಿಗೆಯನ್ನೇ ಸುಟ್ಟ. ಒಳಗೆ ಹಸುಗಳಿದ್ದವು. ಅವು ಕೂಗಿದ್ದು ವೆಂಡೆಲ್‌ನ ಕಿವಿಯಿಂದ ಹೋಗಲೇ ಇಲ್ಲ. ನಾವು ಮನೆ ಮಾರಿ ಈ ಗಾಡಿ ಕೊಂಡ ಹೊಸತರಲ್ಲಿ ಒಂದು ಸಂಜೆ ನನ್ನ ಕೈ ಹಿಡಿದು ಹೇಳಿದ್ದ, "ನೋಡು ಲವೋನ್, ಬೆಂಕಿ ವಿಷಯದಲ್ಲಿ ನಾನು ಎಡವಿದ ದಿನ ಗಾಡಿ ಕೀ ಕಿತ್ಕೊಂಡ್ಬಿಡು. ನನ್ನನ್ನ ಕೇಳ್ಬೇಡ. ನಾನು ಅತ್ರೂ ಕೊಡ್ಬೇಡ." ನಾನು ನಗುತ್ತಾ ಮಾತು ಕೊಟ್ಟೆ. ಆ ದಿನ ಬರುತ್ತದೆಂದು ಯಾರು ತಿಳಿದಿದ್ದರು.

ಪ್ರತಿ ಅಕ್ಟೋಬರಿನಲ್ಲಿ ನಾವು ಉತ್ತರ ಡಕೋಟಾದಲ್ಲಿ ಸಕ್ಕರೆ ಬೀಟಿನ ಕಟಾವಿಗೆ ಬರುತ್ತೇವೆ. ಹೊಲಗಳಿಂದ ಲಾರಿಗಟ್ಟಲೆ ಬರುವ ಗಡ್ಡೆಗಳನ್ನು ಒಂದೆಡೆ ಗುಡ್ಡ ಹಾಕಿಸುವ ಕೆಲಸ. ದಿನವಿಡೀ ಲಾರಿಗಳಿಗೆ ಕೈಬೀಸಿ ದಾರಿ ತೋರಿಸಿ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು, ಊರ ಹೊರಗಿನ ಬಯಲಿನಲ್ಲಿ ಸಾಲಾಗಿ ನಿಂತ ನಮ್ಮ ನಮ್ಮ ಗಾಡಿಗಳಿಗೆ ಮರಳುತ್ತೇವೆ. ಮಳೆ ಬಂದರೆ ಕೆಲಸ ಬಂದ್. ಆಗ ಸಾಲಿಗೆ ಸಾಲೇ ಕಾಫಿ ಕುಡಿದು ಇಸ್ಪೀಟು ಆಡುತ್ತದೆ.

ಈ ಬೇಸಿಗೆಯಿಂದ ವೆಂಡೆಲ್ ಸರಿಯಿರಲಿಲ್ಲ. ಕಾಫಿ ಪುಡಿ ಔಷಧಿಯ ಕಪಾಟಿನಲ್ಲಿ ಸಿಗುತ್ತಿತ್ತು. ಸೂಪಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ನನ್ನ ತಂಗಿಗೆ ಫೋನಿನಲ್ಲಿ, "ನೀವ್ಯಾರು ಗೊತ್ತಾಗ್ಲಿಲ್ಲ" ಅಂದಿದ್ದ. ನಾನು ಎಲ್ಲಕ್ಕೂ ಒಂದೊಂದು ಹಾಸ್ಯ ಹೊಸೆದು ಸುಮ್ಮನಾಗುತ್ತಿದ್ದೆ. ಕಾರಣ ಇಷ್ಟೇ. ಕೀ ಕಿತ್ತುಕೊಂಡರೆ ನಮಗೆ ಬೇರೆ ಮನೆಯಿಲ್ಲ. ಮನೆ ಇಲ್ಲದಿದ್ದರೂ ನಡೆದೀತು, ಆದರೆ ರಸ್ತೆಯಿಲ್ಲದೆ ವೆಂಡೆಲ್ ಬದುಕುವುದನ್ನು ನನಗೆ ಊಹಿಸಲೂ ಆಗುತ್ತಿರಲಿಲ್ಲ. ಫರ್ನೇಸಿನ ಮುಂದೆ ಕೂತರೆ ಅವನ ಬೆರಳುಗಳು ಎಂದಿನಂತೆಯೇ ಓಡುತ್ತಿದ್ದವು. ನಾನು ಅದೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ನಮ್ಮ ಪಕ್ಕದ ಗಾಡಿ ಮರ್ನಾಳದು. ಹಿಂದೆ ಶಾಲೆಯ ಬಸ್ಸು ಓಡಿಸುತ್ತಿದ್ದವಳು, ಈಗ ಒಂಟಿ. ಒಂಟಿ ಎಂದರೆ ಗ್ರೇವಿ ಬೇಜಾರು ಮಾಡಿಕೊಂಡೀತು. ಗ್ರೇವಿ ಅವಳ ನಾಯಿ, ಕಾಲು ಭಾಗ ನಾಯಿ, ಮುಕ್ಕಾಲು ಭಾಗ ಕೂದಲು. ಆ ದಿನ ಅವಳ ಫರ್ನೇಸಿನಲ್ಲಿ ಫ್ಯಾನು ತಿರುಗುತ್ತದೆ, ಬೆಂಕಿ ಹತ್ತುವುದಿಲ್ಲ ಎಂದು ವೆಂಡೆಲ್‌ನನ್ನು ಕರೆದಳು. ಅವನು ಒಬ್ಬನೇ ಹೋದ, ಸಂಜೆಗೆ ಮುಂಚೆ ಮರಳಿದ. ಕೈಯಲ್ಲಿ ಅವಳು ಮಾಂಸ, ಆಲೂಗಡ್ಡೆ ಸೇರಿಸಿ ಬೇಯಿಸಿ ಕೊಟ್ಟ ಹಾಟ್‌ಡಿಶ್ ತಟ್ಟೆ, ಮುಖದ ತುಂಬ ನಗು.

"ಗ್ರೇವಿ ಕೂದ್ಲು ಕಣೇ. ಗಾಳಿ ಕಾವಲಿಗೆ ಸುತ್ಕೊಂಡಿತ್ತು. ಇನ್ನೊಂದು ನಾಯಿ ಹೆಣೀಬಹುದಿತ್ತು ಅಷ್ಟು ಕೂದ್ಲು" ಅಂದ. ಜಾಕೆಟ್ ಕಳಚಿ ಬಾಗಿಲ ಹಿಂದಿನ ಗೂಟಕ್ಕೆ ಹಾಕಿದ. ನಾನು ಒಲೆಯ ಕಡೆ ತಿರುಗಿ ಆ ತಟ್ಟೆಯನ್ನು ಬಿಸಿ ಮಾಡುತ್ತಿದ್ದೆ. ಜಾಕೆಟ್ಟಿನ ಕಡೆ ನೋಡಲಿಲ್ಲ. ಅವನ ಖುಷಿ ನೋಡಿ ನನಗೂ ಖುಷಿಯಾಗಿತ್ತು. ಆ ಊಟ ಬಹಳ ರುಚಿಯಾಗಿತ್ತು ಎಂದು ಚೆನ್ನಾಗಿ ನೆನಪಿದೆ.

ಮರುದಿನ ಬೆಳಿಗ್ಗೆ ಮಳೆ. ಕೆಲಸ ಇಲ್ಲವೆಂದು ಸುದ್ದಿ ಬಂದ ಸ್ವಲ್ಪ ಹೊತ್ತಿಗೆ ಮರ್ನಾ ನಮ್ಮ ಬಾಗಿಲು ಬಡಿದಳು. ಮಳೆಯಲ್ಲಿ ನಿಂತಿದ್ದಳು, ಕೋಟಿಲ್ಲ, ಕಂಕುಳಲ್ಲಿ ಗ್ರೇವಿ.

"ಡಾಕ್ಟ್ರೇ, ಫರ್ನೇಸ್ ಸುಟ್ಟ ವಾಸ್ನೆ ಬರ್ತಿದೆ. ಗ್ಯಾಸ್ ಬಂದ್ ಮಾಡಿದೀನಿ" ಅಂದಳು.

"ಒಳ್ಳೇ ಕೆಲ್ಸ ಮಾಡ್ದೆ. ಅದು ಆರಿದೆ ತಾನೆ? ಹಾಗಿದ್ರೆ ಹೆದರ್ಬೇಡ, ನಾವಿದೀವಿ" ಅನ್ನುತ್ತಾ ವೆಂಡೆಲ್ ಕೈಗೆ ಸಿಕ್ಕ ರೇನ್‌ಕೋಟು ಹಾಕಿಕೊಂಡು ಪೆಟ್ಟಿಗೆ ಎತ್ತಿಕೊಂಡ. ನಾನೂ ಹಿಂದೆಯೇ ಹೋದೆ.

ಮರ್ನಾಳ ಗಾಡಿಯೊಳಗೆ ಕಣ್ಣು ಉರಿಯುವಷ್ಟು ಹೊಗೆಯಿತ್ತು. ನೆಲದಲ್ಲಿ ಬಿಸಿಗಾಳಿ ಬರುವ ಜಾಲರಿಗಳ ಮೇಲೆ ಅವಳು ಕೆಸರಾಗಿ ನೆಂದ ಕೆಲಸದ ಬಟ್ಟೆಗಳನ್ನು ಹರಡಿದ್ದಳು. ಇದನ್ನು ಮಾಡಬೇಡಿ ಎಂದು ಎಷ್ಟು ಹೇಳಿದರೂ ಬೀಟಿನ ಬಯಲಿನಲ್ಲಿ ಎಲ್ಲರೂ ಮಾಡುತ್ತಾರೆ, ನಾನೂ ಮಾಡುತ್ತೇನೆ. ಗಾಳಿ ಕಟ್ಟಿ ಫರ್ನೇಸ್ ಕಾದರೆ ಕಾವಲು ಅದನ್ನು ಆರಿಸುತ್ತದೆ, ತಣ್ಣಗಾದ ಮೇಲೆ ಮತ್ತೆ ಹತ್ತುತ್ತದೆ, ಬಟ್ಟೆ ಹೇಗೋ ಒಣಗುತ್ತದೆ. ಈ ಸಲ ಅದು ಆರಿರಲಿಲ್ಲ. ಫರ್ನೇಸಿನ ಪಕ್ಕದ ಕಪಾಟಿನ ಹಲಗೆ ಕರ್ರಗೆ ಕಮರಿತ್ತು.

"ಬಟ್ಟೆ ಹಾಸಿದ್ದು ನನ್ ತಪ್ಪೇ" ಅಂದಳು ಮರ್ನಾ. "ಆದ್ರೆ ಯಾವಾಗ್ಲೂ ತಾನೇ ಆರ್ಕೊಳ್ತಿತ್ತು. ಇವತ್ತು ಗ್ರೇವಿ ಬೊಗಳದೇ ಇದ್ದಿದ್ರೆ ನಾನು ಎದ್ದೇಳ್ತಾನೇ ಇರ್ಲಿಲ್ಲ."

ವೆಂಡೆಲ್ ಮಂಡಿಯೂರಿ ಕೂತ. ಆಗ ಅವನು ನನಗೆ ಹಳೆಯ ವೆಂಡೆಲ್ ಆಗಿಯೇ ಕಂಡ. ಅವನ ವಿಧಾನ ಗೋಡೆಯಿಂದ ಶುರುವಾಗುತ್ತದೆ. ಮೊದಲು ಬಿಸಿ ಎಷ್ಟಿರಬೇಕೆಂದು ಹೊಂದಿಸುವ ಗೋಡೆಯ ಥರ್ಮೋಸ್ಟಾಟ್, ಆಮೇಲೆ ಫ್ಯಾನು, ಆಮೇಲೆ ಕಾವಲುಗಳು, ಆಮೇಲೆ ಕಿಡಿ, ಕಡೆಗೆ ಬೆಂಕಿ. ಯಾವ ಆತುರದಲ್ಲೂ ಈ ಸಾಲು ತಪ್ಪಿಸುವವನಲ್ಲ.

"ಇದರ ಮಾತು ಕೇಳ್ಬೇಕು ಮರ್ನಾ" ಅಂದ, ಸ್ಕ್ರೂ ಬಿಚ್ಚುತ್ತಾ. "ಮೊದ್ಲು ಟಿಕ್ ಅನ್ನತ್ತೆ. ಆಮೇಲೆ ಫ್ಯಾನು ಗುಯ್ ಅನ್ನತ್ತೆ. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ. ಆಮೇಲೆ ಟಕಟಕ ಕಿಡಿ, ಭುಸ್ ಅಂತ ಬೆಂಕಿ. ಎಲ್ಲಿ ಮಾತು ನಿಂತ್ಹೋಗತ್ತೋ ಅಲ್ಲೇ ಕಾಯ್ಲೆ."

"ನನ್ ಗಂಡ ಬೆಳಿಗ್ಗೆ ಎದ್ದಾಗ್ಲೂ ಇದೇ ಸದ್ದು ಮಾಡ್ತಾನೆ. ಭುಸ್ ಒಂದು ಬಾಕಿ" ಅಂದೆ ನಾನು.

"ಬಾಕಿ ಇರೋದು ನಿನ್ ಕಾಫಿ ಬರೋವರೆಗೆ" ಅಂದ ಅವನು. ಮರ್ನಾ ಅಷ್ಟು ಹೆದರಿದ್ದರೂ ನಕ್ಕಳು.

ಮುಚ್ಚಳ ಕಳಚಿತು. ಅವನು ಟಾರ್ಚು ಬಿಟ್ಟು ನೋಡಿದ. ಒಳಗೆ ಕೈ ಹಾಕಿ ಒಂದು ತುಂಡು ವೈರನ್ನು ಎಳೆದು ತೆಗೆದು ಬೆಳಕಿಗೆ ಹಿಡಿದ. ಅದು ಕೆಂಪು ವೈರು. ಒಂದು ತುದಿ ಕಾವಿಗೆ ಕಪ್ಪಾಗಿತ್ತು.

ಮರ್ನಾ ನನ್ನ ಮುಖ ನೋಡಿದಳು. ಅವಳಿಗೂ ಗೊತ್ತಾಗಿತ್ತು. ಹಿಂದಿನ ದಿನ ಅವಳ ಕಣ್ಣೆದುರೇ ಅವನು ಆ ವೈರು ಸಿಕ್ಕಿಸಿದ್ದ.

"ಯಾವ ಗೂಬೆ ಕಣೇ ಇದನ್ನ ಇಲ್ಲಿ ಬಿಟ್ಟಿದ್ದು" ಅಂದ ವೆಂಡೆಲ್. ಅವನಿಗೆ ನಿಜಕ್ಕೂ ಸಿಟ್ಟು ಬಂದಿತ್ತು. "ಎರಡೂ ಕಾವಲಿನ ಕಣ್ಣು ಕಟ್ಟಿ ಹೋಗಿದಾನೆ. ಯಾರಮ್ಮ ಇದನ್ನ ಮುಟ್ಟಿದ್ದು?"

ಮರ್ನಾ ಗ್ರೇವಿಯ ಕಿವಿ ಸವರುತ್ತಾ, "ಯಾರೋ ದಾರೀಲಿ ಸಿಕ್ಕವನು ಡಾಕ್ಟ್ರೇ. ಹೋದ ತಿಂಗ್ಳು. ಹೆಸ್ರು ಗೊತ್ತಿಲ್ಲ" ಅಂದಳು.

"ಅವನು ಇನ್ಮೇಲೆ ಫರ್ನೇಸ್ ಮುಟ್ಬಾರ್ದು. ಕಡ್ಡಿಪೆಟ್ಟಿಗೆಯೂ ಮುಟ್ಬಾರ್ದು. ಅವನಿಗೆ ಹೆಂಡ್ತಿ ಅಂತ ಒಬ್ಳಿದ್ರೆ ಅವಳಾದ್ರೂ ನೋಡ್ಕೋಬೇಡ್ವಾ? ಅವಳೆಲ್ಲಿ ನಿದ್ದೆ ಹೊಡೀತಿದ್ಳು?"

ನಾನು ಸಿಂಕಿನ ಅಂಚನ್ನು ಹಿಡಿದುಕೊಂಡು ನಿಂತೆ. ಅವನು ವೈರನ್ನು ತಿರುಗಿಸಿ ನೋಡಿ, "ನನ್ ಹತ್ರಾನೂ ಥೇಟ್ ಇಂಥದ್ದೇ ಇದೆ. ಆದ್ರೆ ನಂದಕ್ಕೆ ಕ್ಲಿಪ್ಪು ಇರತ್ತೆ" ಅಂದು ಅದನ್ನು ಮೇಜಿನ ಮೇಲೆ ಎಸೆದ. ಆಮೇಲೆ ಕಾವಲುಗಳ ತಂತಿಗಳನ್ನು ಒಂದೊಂದೇ ಸರಿ ಜೋಡಿಸಿ, ಸುಟ್ಟದ್ದನ್ನೆಲ್ಲ ಪರೀಕ್ಷಿಸಿ, "ಹಲಗೆ ಬದಲಾಯಿಸೋವರೆಗೆ ಹಚ್ಚಬೇಡ, ನಮ್ಮ ಕರೆಂಟ್ ಹೀಟರ್ ಕೊಡ್ತೀನಿ" ಅಂದ. ಒಂದೂ ತಪ್ಪಿಲ್ಲದ ಕೆಲಸ. ನನಗೆ ಅದನ್ನು ನೋಡುವುದೇ ಕಷ್ಟವಾಯಿತು.

ಅವನು ಮೊದಲು ಇಳಿದು ಹೋದ. ನಾನು ಮರ್ನಾಳ ಕೈ ಹಿಡಿದೆ. ಅವಳ ಕೈ ಮಂಜಿನಂತೆ ತಣ್ಣಗಿತ್ತು.

"ಸುಳ್ಳು ಹೇಳಿದ್ದಕ್ಕೆ ನಿನಗೆ ಋಣಿ" ಅಂದೆ.

"ಅವನಿಗೋಸ್ಕರ ಹೇಳ್ದೆ. ನಿನಗೆ ಸುಳ್ಳು ಹೇಳಲ್ಲ ಲವೋನ್" ಅಂದಳು. "ಮಳೆ ಬರದೆ ನಾನು ಕೆಲ್ಸಕ್ಕೆ ಹೋಗಿದ್ರೆ ಗ್ರೇವಿ ಒಳಗೇ ಇರ್ತಿತ್ತು. ಬಾಗ್ಲು ಹಾಕಿರ್ತಿದ್ದೆ. ನಂಗೆ ಅವನ ಮೇಲೆ ಕೋಪ ಇಲ್ಲ. ಆದ್ರೆ ಮುಂದಿನ ಗಾಡೀಲಿ ಯಾರಿರ್ತಾರೋ, ಮಕ್ಕಳಿರ್ತಾವೋ. ಅವನ ಈ ಕೆಲ್ಸ ನೀನೇ ನಿಲ್ಲಿಸ್ಬೇಕು. ನಾವ್ಯಾರೂ ಮಾಡಕ್ಕಾಗಲ್ಲ."

ನಾನು ಮೇಜಿನ ಮೇಲಿದ್ದ ವೈರನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೊರಬಂದೆ. ನಮ್ಮ ಗಾಡಿಗೆ ಬರುವಷ್ಟರಲ್ಲಿ ಒಂದು ನಿರ್ಧಾರಕ್ಕೆ ಬಂದಿದ್ದೆ. ಪೆಟ್ಟಿಗೆಯನ್ನು ಬಚ್ಚಿಡುತ್ತೇನೆ, ಡಾಕ್ಟರಿಗೆ ಬೆನ್ನು ನೋವು ಎಂದು ಸಾಲಿಗೆಲ್ಲ ಸಾರುತ್ತೇನೆ, ಗಾಡಿಯನ್ನು ನಾನೇ ಓಡಿಸುತ್ತೇನೆ, ಅವನಿಗೆ ಏನೂ ತಿಳಿಯುವುದು ಬೇಡ. ಹೆಂಡತಿಯರು ಇಂಥ ಎಷ್ಟೋ ಹೊರೆ ಹೊತ್ತಿಲ್ಲವೇ ಎಂದುಕೊಂಡೆ.

ಬಾಗಿಲು ತೆರೆದರೆ ವೆಂಡೆಲ್ ಗೂಟದ ಮುಂದೆ ನಿಂತಿದ್ದ. ರೇನ್‌ಕೋಟು ನೇತುಹಾಕಲು ಹೋದವನು ನಿನ್ನೆಯ ಜಾಕೆಟ್ಟನ್ನು ಕೈಯಲ್ಲಿ ಹಿಡಿದಿದ್ದ. ಅದರ ಕಾಲರಿನಲ್ಲಿ ಕ್ಲಿಪ್ಪು ಕಚ್ಚಿಕೊಂಡಿತ್ತು.

ಅವನು ತಿರುಗಿ ನೋಡಿದ. ನನ್ನ ಮುಖವನ್ನಲ್ಲ, ನನ್ನ ಮುಷ್ಟಿಯನ್ನು. ವೈರಿನ ಕೆಂಪು ತುದಿ ಬೆರಳ ಸಂದಿನಿಂದ ಇಣುಕುತ್ತಿತ್ತು.

"ನಾನೇನಾ?" ಅಂದ.

ನಾಲಿಗೆಯ ತುದಿಯಲ್ಲಿ ಸುಳ್ಳು ಸಿದ್ಧವಾಗಿತ್ತು. ಆದರೆ ಅವನು ನೋಡುತ್ತಿದ್ದ ರೀತಿಯಲ್ಲಿ ಆ ಕ್ಷಣಕ್ಕೆ ಎಲ್ಲವೂ ಸ್ಪಷ್ಟವಾಗಿತ್ತು. ಅಷ್ಟು ಸ್ಪಷ್ಟವಾಗಿರುವ ಗಂಡನಿಗೆ ಮೋಸ ಮಾಡುವುದು ನನ್ನಿಂದಾಗಲಿಲ್ಲ.

"ಹೂಂ ಕಣೋ" ಅಂದೆ.

ಅವನು ಮೆಲ್ಲಗೆ ಕುಳಿತ. "ಹಸುಗಳು ಹೆಂಗೆ ಕೂಗಿದ್ವು ಗೊತ್ತಾ ನಿಂಗೆ" ಅಂದ ಒಮ್ಮೆ. ಮತ್ತೆ, "ಮರ್ನಾಗೆ ಗೊತ್ತಾ?" ಅಂದ. ನಾನು ಹೌದೆಂದು ತಲೆಯಾಡಿಸಿದೆ. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಾನು ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತೆ. ಇಬ್ಬರೂ ಅತ್ತೆವು. ನಮಗೆ ಮಕ್ಕಳಿಲ್ಲ, ಹೊಲ ಮನೆ ಎಂದೋ ಮಾರಿದ್ದೆವು, ಇದ್ದದ್ದು ಒಬ್ಬರಿಗೊಬ್ಬರು ಮತ್ತು ಈ ಗಾಡಿ. ಅದರಲ್ಲಿ ಯಾವುದು ಮೊದಲು ಹೋಗುತ್ತದೆ ಎಂದು ಆ ದಿನ ತಿಳಿಯಿತು.

ಆಮೇಲೆ ಅವನೇ ಎದ್ದ. ಕೀಯನ್ನು ಕೊಕ್ಕೆಯಿಂದ ತೆಗೆದು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಚ್ಚಿದ. ಜಾಕೆಟ್ಟಿನ ಕಾಲರಿನಿಂದ ಕ್ಲಿಪ್ಪು ಬಿಡಿಸಿಕೊಂಡು ಮುಂದೆ ಹೋಗಿ ಸ್ಟಿಯರಿಂಗಿಗೆ ಸಿಕ್ಕಿಸಿದ. "ಇದು ಇಲ್ಲೇ ಇರ್ಲಿ. ನಾನು ಅತ್ರೂ ತೆಗೀಬೇಡ" ಅಂದ.

ಅದೇ ಕೊನೆಯಾಗಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಮರುದಿನ ಆಕಾಶ ತೊಳೆದಂತಿತ್ತು. ಅವನು ಸಿಳ್ಳೆ ಹಾಕುತ್ತಾ ಎದ್ದು ಮುಂದೆ ಹೋದವನು ನಿಂತ. "ಲವೋನ್, ಆಂಟೆನಾ ಇಳಿಸಿಲ್ವೇನೇ? ಕ್ಲಿಪ್ಪು ಹಾಗೇ ಇದೆಯಲ್ಲ" ಅಂದ.

ನಾನು ಕೂರಿಸಿಕೊಂಡು ಎಲ್ಲ ಹೇಳಿದೆ. ವೈರು, ಹಲಗೆ, ಮರ್ನಾ, ಕೀ. ಅವನು ಹೊಸದಾಗಿ ಕೇಳಿದ. ಹೊಸದಾಗಿ ಮುಖ ಮುಚ್ಚಿಕೊಂಡ. ಹೊಸದಾಗಿ ಹಸುಗಳ ಮಾತಾಡಿದ. ಅದರ ಮರುದಿನವೂ ಹಾಗೆಯೇ ಆಯಿತು. ನಿಜ ಹೇಳುವುದು ದೊಡ್ಡ ಗುಣ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ, ಆದರೆ ಒಬ್ಬ ಮನುಷ್ಯನನ್ನು ದಿನವೂ ಬೆಳಿಗ್ಗೆ ಎಬ್ಬಿಸಿ ಅದೇ ಸಾವಿನ ಸುದ್ದಿ ಹೇಳು ಎಂದು ಯಾವ ದೇವರೂ ಹೇಳಿರಲಾರ. ಆ ಮಧ್ಯಾಹ್ನ ಅವನು ಮಲಗಿದ್ದಾಗ ನಾನು ಹಾಸಿಗೆಯ ಪಕ್ಕದ ಚಾವಣಿಯಲ್ಲಿರುವ ಹಿಡಿಕೆಯನ್ನು ತಿರುಗಿಸಿ ಆಂಟೆನಾವನ್ನು ಪೂರ್ತಿ ಮೇಲಕ್ಕೆತ್ತಿದೆ. ನಮ್ಮ ಟೀವಿ ಕೆಟ್ಟು ವರ್ಷಗಳಾಗಿವೆ.

ಈಗ ಕಟಾವು ಮುಗಿದಿದೆ. ಗಾಡಿಗಳು ಒಂದೊಂದಾಗಿ ದಕ್ಷಿಣಕ್ಕೆ ಹೊರಟುಹೋದವು. ಮರ್ನಾ ಹೋಗುವಾಗ ವೆಂಡೆಲ್‌ನನ್ನು ಅಪ್ಪಿಕೊಂಡು, "ಬರ್ತೀನಿ ಡಾಕ್ಟ್ರೇ" ಅಂದಳು. ತಂಗಿ ತನ್ನ ಊರಿನಲ್ಲಿ ನಮಗೆ ಎರಡು ಕೋಣೆಯ ಮನೆ ಗೊತ್ತು ಮಾಡಿದ್ದಾಳೆ. ಭಾನುವಾರ ಅವಳ ಗಂಡ ಬಂದು ನಮ್ಮನ್ನು ಕಾರಿನಲ್ಲಿ ಕರೆದೊಯ್ಯುತ್ತಾನೆ. ಗಾಡಿಯನ್ನು ಕೊಂಡವರು ಆಮೇಲೆ ಬಂದು ಒಯ್ಯುತ್ತಾರೆ.

ಇವತ್ತು ಬೆಳಿಗ್ಗೆ ಫರ್ನೇಸ್ ಟಿಕ್ ಅಂದಿತು, ಗುಯ್ ಅಂದಿತು, ಸುಮ್ಮನಾಯಿತು, ಟಕಟಕ ಅಂದಿತು, ಭುಸ್ ಅಂದಿತು. ವೆಂಡೆಲ್ ಕಣ್ಣು ಮುಚ್ಚಿ ಕೇಳಿ, "ಆರೋಗ್ಯವಾಗಿದೆ" ಅಂದ. ಆಮೇಲೆ ಕಾಫಿ ಹಿಡಿದು ಮುಂದಿನ ಸೀಟಿಗೆ ಹೋದ.

"ಹೊರಡೋಣ್ವಾ ಲವೋನ್? ಎಲ್ಲರೂ ಹೋದ್ರಲ್ಲ. ಅರೆ, ಕ್ಲಿಪ್ಪು."

ಕೆಳಗಿಳಿದು, ಕೈ ಅಡ್ಡ ಹಿಡಿದು ಚಾವಣಿಯನ್ನು ನೋಡಿ, ನಗುತ್ತಾ ಒಳಗೆ ಬಂದ.

"ಆಂಟೆನಾ ಮೇಲಿದೆ ಕಣೇ. ನಾನು ನೋಡದೇ ಇದ್ದಿದ್ರೆ ಇವತ್ತು ಮುರಿದೇ ಬಿಡ್ತಿದ್ದೆ ನೀನು."

"ಹೌದಪ್ಪ. ನೀನಿದ್ದಿದ್ದಕ್ಕೆ ಆಯ್ತು" ಅಂದೆ.

"ಅವಸರ ಏನಿಲ್ಲ. ನಿಧಾನಕ್ಕೆ ಇಳ್ಸು" ಅಂದು ಅವನು ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು, ಖಾಲಿ ಬಯಲಿನ ಆಚೆಯ ರಸ್ತೆಯನ್ನು ನೋಡುತ್ತಾ ನನಗಾಗಿ ಕಾಯತೊಡಗಿದ.